ದಾಂಪತ್ಯ ಮುರಿದಾಗ ವ್ಯಾಪಾರದ ಲೆಕ್ಕ: ಆಸ್ತಿ, ನಿವೃತ್ತಿ ಉಳಿತಾಯ ಮತ್ತು ಸಾಲಗಳ ವಿಂಗಡಣೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂತಹ ಊರುಗಳಲ್ಲಿ ಮನೆ ಮತ್ತು ವ್ಯಾಪಾರಗಳ ನಡುವೆ ಗೋಡೆ ಇರುವುದು ಅಪರೂಪ. ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಅಥವಾ ಮಹಡಿಯ ಮೇಲೆ ವಾಸ, ಹಿತ್ತಿಲಿನಲ್ಲಿ ದಾಸ್ತಾನು. ಕಬ್ಬು, ಭತ್ತ, ಹಿಪ್ಪುನೇರಳೆಯನ್ನು ನಂಬಿದ ಪ್ರದೇಶವಾದ್ದರಿಂದ ಬೆಲ್ಲದ ವರ್ತಕರು, ಅಕ್ಕಿ ಗಿರಣಿಯವರು, ಗೊಬ್ಬರದ ವ್ಯಾಪಾರಿಗಳು ಹಂಗಾಮಿಗೆ ತಕ್ಕಂತೆ ಹಣ ಹೂಡುತ್ತಾರೆ. ಗೋದಾಮು ಪತ್ನಿಯ ಹೆಸರಿನಲ್ಲಿ, ಬ್ಯಾಂಕ್ ಸಾಲ ಪತಿಯ ಹೆಸರಿನಲ್ಲಿ, ಜಮೀನಿನ ಪಹಣಿ ತಂದೆಯ ಹೆಸರಿನಲ್ಲಿ, ಒಡವೆಗಳು ಅಡಮಾನದಲ್ಲಿ. ಸಂಸಾರ ಸರಿಯಾಗಿ ನಡೆಯುವವರೆಗೆ ಈ ವ್ಯವಸ್ಥೆಯ ಬಗ್ಗೆ ಯಾರೂ ಪ್ರಶ್ನಿಸುವುದಿಲ್ಲ. ದಾಂಪತ್ಯ ಮುರಿದು ನ್ಯಾಯಾಲಯದ ಮೆಟ್ಟಿಲೇರಿದಾಗ ಮಾತ್ರ ಯಾವುದು ಯಾರದು, ಯಾವ ಸಾಲಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ. ಅವುಗಳಿಗೆ ಸಕಾಲದಲ್ಲಿ ಉತ್ತರ ದೊರೆಯದಿದ್ದರೆ ಕುಟುಂಬದ ಜೊತೆಗೆ ವ್ಯಾಪಾರವೂ ಮುಳುಗುವ ಅಪಾಯವಿದೆ.

ಈ ಲೇಖನದಲ್ಲಿ ಮುಖ್ಯವಾಗಿ ಹಿಂದೂ ವಿವಾಹ ಕಾಯಿದೆ, 1955ರ ವ್ಯಾಪ್ತಿಗೆ ಬರುವ ದಂಪತಿಗಳ ಸ್ಥಿತಿಯನ್ನು ವಿವರಿಸಲಾಗಿದೆ. ಮುಸ್ಲಿಂ ಮತ್ತು ಕ್ರೈಸ್ತ ದಂಪತಿಗಳಿಗೆ ವಿಚ್ಛೇದನ ಹಾಗೂ ಜೀವನಾಂಶದ ಕಾನೂನು ಬೇರೆ. ಸಾಲ, ಜಾಮೀನು, ಪಾಲುದಾರಿಕೆ ಮತ್ತು ತೆರಿಗೆಗಳ ಬಗ್ಗೆ ಇಲ್ಲಿ ಹೇಳಿರುವುದು ಎಲ್ಲರಿಗೂ ಅನ್ವಯಿಸುತ್ತದೆ.

ಅರ್ಧ ಪಾಲೆಂಬ ತಪ್ಪು ಕಲ್ಪನೆ

ವಿಚ್ಛೇದನವಾದರೆ ಪತಿಯ ಆಸ್ತಿಯಲ್ಲಿ ಪತ್ನಿಗೆ ತಾನಾಗಿಯೇ ಅರ್ಧ ಪಾಲು ದೊರೆಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಗೋವಾದಲ್ಲಿ ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆಯಂತೆ ದಂಪತಿಗಳ ಆಸ್ತಿಯನ್ನು ಸಾಮಾನ್ಯವಾಗಿ ಸಮಾನ ಸ್ವತ್ತೆಂದು ಭಾವಿಸುವ ಪದ್ಧತಿ ಇದೆ. ಕರ್ನಾಟಕದಲ್ಲಿ ಅಂತಹ ಪದ್ಧತಿ ಇಲ್ಲ. ಇಲ್ಲಿ ವಿವಾಹದ ಮಾತ್ರದಿಂದ ಆಸ್ತಿಯ ಒಡೆತನ ಬದಲಾಗುವುದಿಲ್ಲ. ಪತಿಯದು ಪತಿಗೆ, ಪತ್ನಿಯದು ಪತ್ನಿಗೆ. ಪತಿಯ ಸ್ಥಿರಾಸ್ತಿಯಲ್ಲಿ ಪತ್ನಿಗೆ ಪಾಲು ನೀಡಲು ನ್ಯಾಯಾಲಯಕ್ಕೆ ಅಧಿಕಾರ ಕೊಡುವ ಮಸೂದೆಯೊಂದು 2010ರಲ್ಲಿ ಮಂಡನೆಯಾಗಿ 2013ರಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆಯಿತಾದರೂ, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ಇದರ ಅರ್ಥ ಪತ್ನಿ ಬರಿಗೈಯಲ್ಲಿ ಹೊರನಡೆಯಬೇಕೆಂದಲ್ಲ. ಹಿಂದೂ ವಿವಾಹ ಕಾಯಿದೆಯ 25ನೆಯ ಕಲಮಿನಡಿ ನ್ಯಾಯಾಲಯವು ಶಾಶ್ವತ ಜೀವನಾಂಶವನ್ನು ಒಂದೇ ಗಂಟಾಗಿ ಅಥವಾ ಮಾಸಿಕ ಕಂತಾಗಿ ವಿಧಿಸಬಹುದು. ಅಗತ್ಯವೆನಿಸಿದರೆ ಅದನ್ನು ಎದುರು ಪಕ್ಷದ ಸ್ಥಿರಾಸ್ತಿಯ ಮೇಲೆ ಋಣಭಾರವಾಗಿ ಹೊರಿಸಬಹುದು. ಈ ಕಲಮಿನಡಿ ಪತಿಯೂ ಅರ್ಜಿ ಸಲ್ಲಿಸಲು ಅವಕಾಶವಿದೆ. ವಿವಾಹದ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಇಬ್ಬರಿಗೂ ಜಂಟಿಯಾಗಿ ಬಂದ ಉಡುಗೊರೆಗಳ ಬಗ್ಗೆ 27ನೆಯ ಕಲಮಿನಡಿ ಆದೇಶ ಪಡೆಯಬಹುದು. ಜೀವನಾಂಶ ನಿರ್ಧರಿಸುವಾಗ ಇಬ್ಬರ ಆದಾಯ, ಆಸ್ತಿ, ಹೊಣೆಗಾರಿಕೆ, ದಾಂಪತ್ಯದ ಅವಧಿ ಮತ್ತು ಜೀವನಮಟ್ಟವನ್ನು ಪರಿಗಣಿಸಲಾಗುತ್ತದೆ. ಆದರೆ ಎರಡೂ ಕಡೆಯವರ ಸಂಪತ್ತನ್ನು ಸರಿಸಮ ಮಾಡುವುದು ಜೀವನಾಂಶದ ಉದ್ದೇಶವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಗೃಹಿಣಿಯ ದುಡಿಮೆಗೆ ಬೆಲೆಯುಂಟೆಂಬ ವಿಚಾರವೂ ನ್ಯಾಯಾಲಯಗಳಲ್ಲಿ ಬಲ ಪಡೆಯುತ್ತಿದೆ. ಪತ್ನಿಯು ಮನೆಯನ್ನು ನೋಡಿಕೊಂಡಿದ್ದರಿಂದಲೇ ಪತಿಗೆ ಸಂಪಾದಿಸಲು ಸಾಧ್ಯವಾಯಿತೆಂಬ ನೆಲೆಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2023ರ ಜೂನ್‌ನಲ್ಲಿ ಪ್ರಕರಣವೊಂದರಲ್ಲಿ ಆಕೆಗೆ ಆಸ್ತಿಯಲ್ಲಿ ಸಮಪಾಲನ್ನು ಮಾನ್ಯ ಮಾಡಿತು. ಕರ್ನಾಟಕದ ನ್ಯಾಯಾಲಯಗಳು ಆ ತೀರ್ಪಿಗೆ ಬದ್ಧವಲ್ಲವಾದರೂ ವಾದಕ್ಕೆ ಅದು ಆಧಾರವಾಗಬಲ್ಲದು.

ಪಿತ್ರಾರ್ಜಿತ, ಸ್ವಯಾರ್ಜಿತ ಮತ್ತು ಸ್ತ್ರೀಧನ

ಆಸ್ತಿಯ ಪಟ್ಟಿ ಮಾಡುವಾಗ ಮೊದಲು ಈ ಮೂರನ್ನು ಬೇರ್ಪಡಿಸಬೇಕು. ಸ್ತ್ರೀಯರ ಆಸ್ತಿ ಹಕ್ಕಿನ ವಿಷಯದಲ್ಲಿ ಈ ಸೀಮೆಗೆ ಹಳೆಯ ಇತಿಹಾಸವೇ ಇದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮೊದಲೇ, 1933ರಲ್ಲಿ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು, ಅವಿಭಕ್ತ ಕುಟುಂಬದ ವಿಭಾಗದಲ್ಲಿ ಕೆಲವು ಸ್ತ್ರೀಯರಿಗೆ ಪಾಲನ್ನೂ ಸ್ತ್ರೀಧನಕ್ಕೆ ಸ್ಪಷ್ಟ ವ್ಯಾಖ್ಯೆಯನ್ನೂ ನೀಡಿತ್ತು. ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹಿಂದೂ ಸ್ತ್ರೀಯು ಹೊಂದಿರುವ ಆಸ್ತಿಗೆ ಆಕೆಯನ್ನು ಪೂರ್ಣ ಒಡತಿಯನ್ನಾಗಿಸಿತು. ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿಯು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಿಂದ ವಿವಾಹಿತ ಹೆಣ್ಣುಮಕ್ಕಳಿಗೂ ಆ ಹಕ್ಕು ಬಂದಿತು. ತಂದೆ ಆ ದಿನ ಬದುಕಿರಬೇಕಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಈ ಹಕ್ಕು ಮಗಳದು, ಸೊಸೆಯದಲ್ಲ. ಮಾವನ ಹೆಸರಿನಲ್ಲಿರುವ ಪಿತ್ರಾರ್ಜಿತ ಜಮೀನಿನಲ್ಲಿ ವಿಚ್ಛೇದಿತ ಸೊಸೆ ತನಗಾಗಿ ನೇರ ಪಾಲು ಕೇಳಲಾಗದು. ಆದರೆ ಆಕೆಯ ಮಗ ಅಥವಾ ಮಗಳಿಗೆ ಹುಟ್ಟಿನಿಂದ ಬಂದ ಹಕ್ಕು ತಂದೆತಾಯಿಯರ ವಿಚ್ಛೇದನದಿಂದ ಅಳಿಯುವುದಿಲ್ಲ. ಅಂತೆಯೇ, ತೌರಿನ ಪಿತ್ರಾರ್ಜಿತದಲ್ಲಿ ಪತ್ನಿಗೆ ಬಂದ ಪಾಲಿನ ಮೇಲೆ ಪತಿಗೆ ಯಾವ ಹಕ್ಕೂ ಇಲ್ಲ.

ಒಡವೆಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಸ್ತ್ರೀಧನವು ಪತ್ನಿಯ ಸ್ವಂತ ಆಸ್ತಿ. ಪತಿ ಅಥವಾ ಆತನ ಮನೆಯವರು ಅದಕ್ಕೆ ಕೇವಲ ಕಾವಲುದಾರರೆಂದು 1985ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಂಗಾಮಿನ ಖರೀದಿಗೆ ಹಣ ಸಾಲದೆ ಪತ್ನಿಯ ಸರ, ಬಳೆಗಳನ್ನು ಅಡವಿಟ್ಟ ವರ್ತಕನು ಅವುಗಳನ್ನು ಬಿಡಿಸಿಕೊಡುವ ಹೊಣೆಯಿಂದ ವಿಚ್ಛೇದನದ ಮೂಲಕ ತಪ್ಪಿಸಿಕೊಳ್ಳಲಾಗದು. ಹಿಂದಿರುಗಿಸದಿದ್ದರೆ ವಿಷಯ ನಂಬಿಕೆದ್ರೋಹದ ಅಪರಾಧವಾಗಿ ಪರಿಣಮಿಸಬಹುದು.

ಪತ್ನಿಯ ಹೆಸರಿನಲ್ಲಿ ಕೊಂಡ ನಿವೇಶನ ಅಥವಾ ಗೋದಾಮಿನ ಬಗ್ಗೆ ಹೆಚ್ಚಿನ ವ್ಯಾಜ್ಯಗಳು ಹುಟ್ಟುತ್ತವೆ. ಹಣ ತನ್ನದೆಂದು ಪತಿ ಹೇಳುತ್ತಾನೆ. ಕ್ರಯಪತ್ರ ತನ್ನ ಹೆಸರಿನಲ್ಲಿದೆಯೆಂದು ಪತ್ನಿ ಹೇಳುತ್ತಾಳೆ. 2016ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಲೆಕ್ಕ ತೋರಿಸಬಲ್ಲ ಹಣದಿಂದ ಪತಿ ಅಥವಾ ಪತ್ನಿಯ ಹೆಸರಿನಲ್ಲಿ ಕೊಂಡ ಆಸ್ತಿಯು ಬೇನಾಮಿ ವ್ಯವಹಾರವಾಗುವುದಿಲ್ಲ. ಆದರೆ ಕ್ರಯಪತ್ರ ಪತ್ನಿಯ ಹೆಸರಿನಲ್ಲಿರುವಾಗ ನಿಜವಾದ ಒಡೆತನ ತನ್ನದೆಂದು ರುಜುವಾತು ಮಾಡುವ ಭಾರ ಪತಿಯದೇ. ಬ್ಯಾಂಕ್ ಮೂಲಕ ಪಾವತಿಸಿದ ದಾಖಲೆ, ಅಂದಿನ ಲೆಕ್ಕಪತ್ರ, ಆದಾಯ ತೆರಿಗೆಯ ವಿವರಪಟ್ಟಿ ಇಲ್ಲದೆ ಬಾಯಿಮಾತಿನಿಂದ ಅದು ಸಾಧ್ಯವಿಲ್ಲ.

ಭವಿಷ್ಯ ನಿಧಿ, ವಿಮೆ ಮತ್ತು ಪಿಂಚಣಿ

ಅಮೆರಿಕದಲ್ಲಿ ನ್ಯಾಯಾಲಯದ ವಿಶೇಷ ಆದೇಶದಿಂದ ಪತಿಯ ನಿವೃತ್ತಿ ನಿಧಿಯ ಒಂದು ಭಾಗವನ್ನು ನೇರವಾಗಿ ಪತ್ನಿಯ ಖಾತೆಗೆ ವರ್ಗಾಯಿಸುವ ವ್ಯವಸ್ಥೆ 1984ರಿಂದ ಇದೆ. ಬ್ರಿಟನ್ನಿನಲ್ಲಿ ಪಿಂಚಣಿ ಹಂಚಿಕೆಯು 2000ದ ಡಿಸೆಂಬರ್‌ನಿಂದ ಸಾಧ್ಯವಾಗಿದೆ. ಮಗ ಅಥವಾ ಮಗಳು ಅಲ್ಲಿ ನೆಲೆಸಿರುವ ಮಂಡ್ಯದ ಕುಟುಂಬಗಳು ಈ ಮಾತನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ಭಾವಿಸುವುದುಂಟು. ಭಾರತದಲ್ಲಿ ನೌಕರರ ಭವಿಷ್ಯ ನಿಧಿಯನ್ನಾಗಲಿ ಸಾರ್ವಜನಿಕ ಭವಿಷ್ಯ ನಿಧಿಯನ್ನಾಗಲಿ ವಿಚ್ಛೇದನದ ಕಾರಣದಿಂದ ಒಡೆದು ಮತ್ತೊಬ್ಬರ ಖಾತೆಗೆ ವರ್ಗಾಯಿಸುವ ಏರ್ಪಾಡು ಇಲ್ಲ.

ಸ್ವಂತ ವ್ಯಾಪಾರ ಮಾಡುವವರಿಗೆ ಸಂಬಳದ ಭವಿಷ್ಯ ನಿಧಿ ಇರುವುದಿಲ್ಲವಾದ್ದರಿಂದ ಅವರ ನಿವೃತ್ತಿ ಉಳಿತಾಯವು ಬಹುಮಟ್ಟಿಗೆ ಅಂಚೆ ಕಚೇರಿ ಅಥವಾ ಬ್ಯಾಂಕಿನ ಸಾರ್ವಜನಿಕ ಭವಿಷ್ಯ ನಿಧಿ, ಜೀವ ವಿಮೆ ಮತ್ತು 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆದ ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿ ಇರುತ್ತದೆ. ಸಾರ್ವಜನಿಕ ಭವಿಷ್ಯ ನಿಧಿಯನ್ನು ಸಾಲಗಾರರು ನ್ಯಾಯಾಲಯದ ಮೂಲಕ ಜಪ್ತಿ ಮಾಡಲಾಗದು. ಅವಧಿ 15 ವರ್ಷ. ನಡುವೆ ಮುಚ್ಚಲು ಇರುವ ಕೆಲವೇ ಕಾರಣಗಳಲ್ಲಿ ವಿಚ್ಛೇದನ ಸೇರಿಲ್ಲ. ಆದ್ದರಿಂದ ನಿಧಿಯನ್ನು ಮುಟ್ಟದೆ, ಅದರ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಂಡು, ಸಮನಾದ ಹಣವನ್ನು ಬೇರೆ ಆಸ್ತಿಯಿಂದ ಕೊಡುವುದೇ ಪ್ರಾಯೋಗಿಕ ಮಾರ್ಗ. ನಿಧಿ ಹಂಚಿಕೆಯಾಗುವುದಿಲ್ಲವೆಂಬ ಕಾರಣಕ್ಕೆ ಅದನ್ನು ಮುಚ್ಚಿಡಬಹುದೆಂದು ತಿಳಿಯಬಾರದು. ರಜನೇಶ್–ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನದಂತೆ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಠೇವಣಿ, ನಿಧಿ, ವಿಮೆ, ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಸುಳ್ಳು ಹೇಳಿದರೆ ಕ್ರಮ ಎದುರಿಸಬೇಕಾಗುತ್ತದೆ.

ನಾಮನಿರ್ದೇಶನದ ವಿಷಯವನ್ನು ಬಹಳಷ್ಟು ಜನ ಮರೆಯುತ್ತಾರೆ. ವಿಚ್ಛೇದನವಾದ ಮಾತ್ರಕ್ಕೆ ವಿಮಾ ಪಾಲಿಸಿಯಲ್ಲಿನ ಹೆಸರು ತಾನಾಗಿ ಅಳಿಯುವುದಿಲ್ಲ, ಪಾಲಿಸಿದಾರನೇ ಬದಲಾಯಿಸಬೇಕು. ಇದಕ್ಕೆ ಒಂದು ಮುಖ್ಯ ಅಪವಾದವಿದೆ. ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ, 1874ರ 6ನೆಯ ಕಲಮಿನಂತೆ ಪತ್ನಿ ಮತ್ತು ಮಕ್ಕಳ ಹಿತಕ್ಕಾಗಿ ಪತಿ ತೆಗೆದ ಪಾಲಿಸಿಯು ನ್ಯಾಸವಾಗುತ್ತದೆ. ಅದರ ಮೇಲೆ ಪತಿಗೂ ನಿಯಂತ್ರಣವಿಲ್ಲ, ಆತನ ಸಾಲಗಾರರಿಗೂ ಹಕ್ಕಿಲ್ಲ. ಸಾಲದ ಅಪಾಯ ಸದಾ ಇರುವ ವರ್ತಕನಿಗೆ ಕುಟುಂಬದ ರಕ್ಷಣೆಗೆ ಇದು ಉತ್ತಮ ಸಾಧನ. ಆದರೆ ಮುಂದೆ ಮನಸ್ಸು ಬದಲಾಯಿತೆಂದು ಫಲಾನುಭವಿಯನ್ನು ಬದಲಿಸಲಾಗದೆಂಬ ಅರಿವಿನೊಂದಿಗೇ ಅದನ್ನು ತೆಗೆಯಬೇಕು.

ಸಾಲ: ತೀರ್ಪು ಬ್ಯಾಂಕನ್ನು ಕಟ್ಟಿಹಾಕದು

ವಿಂಗಡಣೆಯಲ್ಲಿ ಅತ್ಯಂತ ಅಪಾಯಕಾರಿ ಭಾಗ ಸಾಲ. "ಸಾಲವನ್ನೆಲ್ಲ ಪತಿಯೇ ತೀರಿಸತಕ್ಕದ್ದು" ಎಂದು ರಾಜಿಪತ್ರದಲ್ಲಿ ಬರೆದುಕೊಂಡು ನಿಶ್ಚಿಂತರಾಗುವವರು ಬಹಳ. ಆ ಬರಹ ಪತಿಪತ್ನಿಯರ ನಡುವೆ ಮಾತ್ರ ಊರ್ಜಿತ. ಅದಕ್ಕೆ ಸಹಿ ಹಾಕದ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಭಾರತೀಯ ಕರಾರು ಕಾಯಿದೆ, 1872ರ ಪ್ರಕಾರ ಜಂಟಿ ಸಾಲಗಾರರಲ್ಲಿ ಯಾರಿಂದಲಾದರೂ ಪೂರ್ಣ ಸಾಲ ವಸೂಲು ಮಾಡಬಹುದು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದೆಂದು 128ನೆಯ ಕಲಮು ಹೇಳುತ್ತದೆ. ಪತಿಯ ಕ್ಯಾಷ್ ಕ್ರೆಡಿಟ್ ಖಾತೆಗೆ ಜಾಮೀನು ನಿಂತ ಪತ್ನಿ, ವಿಚ್ಛೇದನದ ನಂತರವೂ ಜಾಮೀನುದಾರಳೇ.

ಇಂತಹ ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ಬ್ಯಾಂಕಿಗೆ ನೋಟೀಸು ಕೊಟ್ಟು ಹಿಂಪಡೆಯಲು 130ನೆಯ ಕಲಮಿನಲ್ಲಿ ಅವಕಾಶವಿದೆ. ಅದುವರೆಗಿನ ಬಾಕಿಗೆ ಹೊಣೆ ಉಳಿಯುತ್ತದೆ. ಜಾಮೀನು ಪತ್ರದ ಷರತ್ತುಗಳನ್ನು ಓದಿಯೇ ನೋಟೀಸು ಕೊಡಬೇಕು. ನೋಟೀಸು ತಲುಪಿದೊಡನೆ ಬ್ಯಾಂಕ್ ಖಾತೆಯಿಂದ ಹಣ ತೆಗೆಯುವುದನ್ನು ತಡೆಹಿಡಿಯಬಹುದು. ಹಂಗಾಮಿನ ನಡುವೆ ಹೀಗಾದರೆ ವ್ಯಾಪಾರ ಸ್ಥಗಿತವಾಗುತ್ತದೆ. ಆದ್ದರಿಂದ ಬದಲಿ ಜಾಮೀನು ಅಥವಾ ಬದಲಿ ಅಡಮಾನವನ್ನು ಮೊದಲೇ ಸಿದ್ಧಪಡಿಸಿಕೊಂಡು ಬ್ಯಾಂಕಿನೊಡನೆ ಮಾತನಾಡುವುದು ಇಬ್ಬರಿಗೂ ಹಿತ.

ಪತ್ನಿಯ ಹೆಸರಿನಲ್ಲಿ ಸ್ವಸಹಾಯ ಸಂಘದಿಂದಲೋ ಕಿರುಸಾಲ ಸಂಸ್ಥೆಯಿಂದಲೋ ಸಾಲ ತಂದು ಅಂಗಡಿಗೆ ಹಾಕುವುದು ಹಳ್ಳಿಗಳಲ್ಲಿ ಸಾಮಾನ್ಯ. ಚೀಟಿ ಎತ್ತಿ ಬಂಡವಾಳಕ್ಕೆ ಬಳಸುವುದೂ ಹೀಗೆಯೇ. ಹಣ ಅಂಗಡಿಯ ಪುಸ್ತಕದಲ್ಲಿ ಜಮೆಯಾಗಿರದಿದ್ದರೆ ಉಳಿದ ಕಂತುಗಳೆಲ್ಲ ಪತ್ನಿಯ ತಲೆಗೇ ಬರುತ್ತವೆ. ಇನ್ನು ಕೆಲವರಲ್ಲಿ ವ್ಯಾಪಾರದ ನೋಂದಣಿಯೇ ಪತ್ನಿಯ ಹೆಸರಿನಲ್ಲಿ, ವ್ಯವಹಾರ ಪತಿಯದು. ಆಗ ಸರಕು ಮತ್ತು ಸೇವಾ ತೆರಿಗೆಯ ಬಾಕಿಗೂ, ಸಹಿ ಮಾಡಿಟ್ಟ ಖಾಲಿ ಚೆಕ್ಕುಗಳು ಅಮಾನ್ಯವಾದರೆ ಬರುವ ಮೊಕದ್ದಮೆಗೂ ಆಕೆಯೇ ಉತ್ತರ ಹೇಳಬೇಕಾಗುತ್ತದೆ. ಬೇರ್ಪಡುವ ತೀರ್ಮಾನವಾದೊಡನೆ ಖಾಲಿ ಚೆಕ್ಕುಗಳನ್ನು ಹಿಂಪಡೆಯುವುದು ಮೊದಲ ಕೆಲಸಗಳಲ್ಲೊಂದಾಗಬೇಕು.

ಪಾಲುದಾರಿಕೆಯಲ್ಲಿರುವ ದಂಪತಿಗಳು

ಪಾಲುದಾರಿಕೆ ಸಂಸ್ಥೆಯ ಗಿರಣಿ, ಯಂತ್ರ, ದಾಸ್ತಾನು ಸಂಸ್ಥೆಯ ಸ್ವತ್ತು. ಸಂಸ್ಥೆಯ ಸ್ವತ್ತಿನಿಂದ ಮೊದಲು ಸಂಸ್ಥೆಯ ಸಾಲ ತೀರಬೇಕು. ಉಳಿದುದರಲ್ಲಿ ಮಾತ್ರ ಪಾಲುದಾರರಿಗೆ ಹಕ್ಕು. ವಿಚ್ಛೇದನದಿಂದ ಪಾಲುದಾರಿಕೆ ತಾನಾಗಿ ಕೊನೆಗೊಳ್ಳುವುದಿಲ್ಲ. ನಿವೃತ್ತಿ ಪತ್ರ ಬರೆದುಕೊಂಡರೂ ಸಾಲದು. ಪಾಲುದಾರಿಕೆ ಕಾಯಿದೆ, 1932ರಂತೆ ನಿವೃತ್ತಿಯನ್ನು ಸಾರ್ವಜನಿಕವಾಗಿ ಪ್ರಕಟಿಸುವವರೆಗೆ ಹೊರಗಿನವರಿಗೆ ಹೊಣೆಗಾರಿಕೆ ಮುಂದುವರಿಯುತ್ತದೆ. ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಸ್ಥಳೀಯ ಭಾಷೆಯ ಒಂದು ವೃತ್ತಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಸರಕು ಮತ್ತು ಸೇವಾ ತೆರಿಗೆಯ ಇಲಾಖೆಗೆ ಒಂದು ತಿಂಗಳೊಳಗೆ ನಿವೃತ್ತಿಯನ್ನು ತಿಳಿಸದಿದ್ದರೆ, ತಿಳಿಸಿದ ದಿನದವರೆಗಿನ ತೆರಿಗೆಗೆ ನಿವೃತ್ತ ಪಾಲುದಾರರೂ ಬಾಧ್ಯರು. ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ಮುಂದುವರಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹೊರಹೋದವರು ತಮ್ಮ ಬಂಡವಾಳಕ್ಕೆ ಸಲ್ಲುವ ಲಾಭವನ್ನು ಅಥವಾ ವಾರ್ಷಿಕ ಶೇಕಡಾ 6ರ ಬಡ್ಡಿಯನ್ನು ಕೇಳಬಹುದು.

ಒಂದು ಮಾದರಿ ಲೆಕ್ಕ

ಕೇವಲ ವಿವರಣೆಗಾಗಿ ಒಬ್ಬ ಬೆಲ್ಲದ ವರ್ತಕನ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಪತ್ನಿಯ ಹೆಸರಿನ ಗೋದಾಮಿನ ಬೆಲೆ 30 ಲಕ್ಷ ರೂಪಾಯಿ. ಸೋದರನೊಡನೆ ನಡೆಸುವ ಗಿರಣಿಯಲ್ಲಿ ಪತಿಯ ಬಂಡವಾಳ 12 ಲಕ್ಷ. ಪತಿಯ ಸಾರ್ವಜನಿಕ ಭವಿಷ್ಯ ನಿಧಿ 6 ಲಕ್ಷ. ಉದ್ಯೋಗದಲ್ಲಿರುವ ಪತ್ನಿಯ ಭವಿಷ್ಯ ನಿಧಿ 4 ಲಕ್ಷ. ಒಟ್ಟು 52 ಲಕ್ಷ. ಪತಿಯ ಕ್ಯಾಷ್ ಕ್ರೆಡಿಟ್ ಸಾಲ 15 ಲಕ್ಷ. ಅದಕ್ಕೆ ಗೋದಾಮು ಅಡಮಾನ, ಪತ್ನಿ ಜಾಮೀನುದಾರಳು. ಅಂಗಡಿಗೆಂದು ಪತ್ನಿ ತಂದ ಸಂಘದ ಸಾಲ 1 ಲಕ್ಷ. ಸಾಲ ಕಳೆದು ಉಳಿಯುವುದು 36 ಲಕ್ಷ.

ಮೇಲ್ನೋಟಕ್ಕೆ ಪತ್ನಿಯ ಬಳಿ 33 ಲಕ್ಷ, ಪತಿಯ ಬಳಿ 3 ಲಕ್ಷ. ಆದರೆ ಪತಿ ಸಾಲ ತೀರಿಸದೆ ಬ್ಯಾಂಕ್ ಗೋದಾಮನ್ನು ಹರಾಜಿಗೆ ತಂದರೆ ಪತ್ನಿಯ 33 ಲಕ್ಷ 18 ಲಕ್ಷಕ್ಕೆ ಇಳಿಯುತ್ತದೆ. ಪತಿಯಿಂದ ಆ ಹಣವನ್ನು ವಸೂಲು ಮಾಡುವ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಪತಿಗಾದರೋ ಗೋದಾಮಿಲ್ಲದೆ ವ್ಯಾಪಾರವೇ ಇಲ್ಲ. ಗೋದಾಮು ಕಾನೂನಿನಂತೆ ಪತ್ನಿಯದೇ ಆದ್ದರಿಂದ ಬಿಟ್ಟುಕೊಡೆಂದು ಯಾರೂ ಒತ್ತಾಯಿಸಲಾಗದು. ಇಬ್ಬರೂ ಒಪ್ಪಿದರೆ ಹೀಗೆ ಮಾಡಬಹುದು: ಗೋದಾಮನ್ನು ಪತಿ ಪಡೆದು, ಸ್ವಂತ ಹೊಣೆಯಲ್ಲಿ ಹೊಸ ಸಾಲ ಮಾಡಿಕೊಂಡು ಹಳೆಯ ಖಾತೆಯನ್ನು ಮುಚ್ಚುವುದು, ಪತ್ನಿಯ ಜಾಮೀನು ಬಿಡುಗಡೆಯಾಗುವುದು, ಸಂಘದ ಸಾಲವನ್ನು ಪತಿ ತೀರಿಸಿ, ಪತ್ನಿಗೆ 15 ಲಕ್ಷವನ್ನು ಎರಡು ಕಂತುಗಳಲ್ಲಿ ಕೊಡುವುದು. ಆಗ ಪತ್ನಿಗೆ ನಿಧಿ ಸೇರಿ 19 ಲಕ್ಷ, ಪತಿಗೆ 17 ಲಕ್ಷ ಉಳಿಯುತ್ತದೆ. ಎರಡನೆಯ ಕಂತಿಗೆ ಗೋದಾಮಿನ ಮೇಲೆ ಋಣಭಾರ ಬರೆಸಿಕೊಳ್ಳಬೇಕು. ಇದು ಕಾನೂನಿನ ಸೂತ್ರವಲ್ಲ. ಆಸ್ತಿಯ ಬೆಲೆಯನ್ನು ಸಾಲ ಕಳೆದೇ ಅಳೆಯಬೇಕು, ಜಾಮೀನು ಬಿಡುಗಡೆಯಾಗದೆ ಹಂಚಿಕೆ ಮುಗಿಯದು ಎಂಬುದೇ ಇದರ ತಾತ್ಪರ್ಯ.

ರಾಜಿಪತ್ರ ಮತ್ತು ದಾಖಲೆಗಳು

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕನಿಷ್ಠ ಒಂದು ವರ್ಷ ಬೇರೆ ವಾಸಿಸಿರಬೇಕು. ಅರ್ಜಿ ಸಲ್ಲಿಸಿದ 6 ತಿಂಗಳ ನಂತರ, 18 ತಿಂಗಳೊಳಗೆ ಮತ್ತೆ ಹಾಜರಾಗಬೇಕು. ಜೀವನಾಂಶ, ಮಕ್ಕಳ ಪಾಲನೆ ಮೊದಲಾದ ಎಲ್ಲ ವಿಷಯಗಳೂ ನಿಜವಾಗಿ ಇತ್ಯರ್ಥವಾಗಿದ್ದರೆ ಈ 6 ತಿಂಗಳ ಅವಧಿಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಂತಿಮ ತೀರ್ಪಿನವರೆಗೆ ಯಾರಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದಾದ್ದರಿಂದ, ಹಣ ಮತ್ತು ಆಸ್ತಿ ಯಾವ ಹಂತದಲ್ಲಿ ಕೈಬದಲಾಗಬೇಕೆಂಬುದನ್ನು ರಾಜಿಪತ್ರದಲ್ಲಿ ದಿನಾಂಕ ಸಹಿತ ಬರೆಯಬೇಕು.

ಸ್ಥಿರಾಸ್ತಿಯ ವಿಷಯದಲ್ಲಿ ನೋಂದಣಿಯನ್ನು ಕಡೆಗಣಿಸುವಂತಿಲ್ಲ. ಮೊಕದ್ದಮೆಯ ವಸ್ತುವಾಗಿರದ ಆಸ್ತಿಯನ್ನು ರಾಜಿ ಡಿಕ್ರಿಯಲ್ಲಿ ಸೇರಿಸಿದರೆ ಆ ಡಿಕ್ರಿಗೂ ನೋಂದಣಿ ಬೇಕು. ಕರ್ನಾಟಕದಲ್ಲಿ ಪತಿಪತ್ನಿಯರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ವಿಚ್ಛೇದನದ ನಂತರ ಅವರು ಪತಿಪತ್ನಿಯರಲ್ಲವಾದ್ದರಿಂದ ಯಾವ ಪತ್ರವನ್ನು ಯಾವಾಗ ಮಾಡಿಸಬೇಕೆಂಬುದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ತೆರಿಗೆಯ ಪರಿಣಾಮವನ್ನು ಲೆಕ್ಕಪರಿಶೋಧಕರಿಂದ ತಿಳಿಯಬೇಕು. ನಂತರ ಖಾತೆ, ಪಹಣಿಗಳ ಬದಲಾವಣೆಯಾಗಿದೆಯೇ ಎಂದು ನೋಡಬೇಕು.

ಈ ಕೆಳಗಿನ ಕಾಗದಗಳನ್ನು ಮೊದಲೇ ಒಗ್ಗೂಡಿಸಿಕೊಂಡರೆ ಕಾಲವೂ ಖರ್ಚೂ ಉಳಿಯುತ್ತದೆ:

1. ಎಲ್ಲ ಸ್ಥಿರಾಸ್ತಿಗಳ ಕ್ರಯಪತ್ರ, ಪಹಣಿ ಅಥವಾ ಖಾತೆ, ಋಣಭಾರ ಪತ್ರ.
2. ಸಾಲದ ಮಂಜೂರಾತಿ ಪತ್ರ, ಜಾಮೀನು ಪತ್ರ ಮತ್ತು ಇಂದಿನ ಬಾಕಿಯ ವಿವರ. ಸಂಘ, ಚೀಟಿ, ಒಡವೆ ಸಾಲಗಳೂ ಸೇರಿದಂತೆ.
3. ಭವಿಷ್ಯ ನಿಧಿ, ವಿಮೆ, ಪಿಂಚಣಿ ಖಾತೆಗಳ ವಿವರ ಮತ್ತು ನಾಮನಿರ್ದೇಶಿತರ ಹೆಸರು.
4. ಪಾಲುದಾರಿಕೆ ಪತ್ರ, ಕಳೆದ ಮೂರು ವರ್ಷಗಳ ಜಮಾಖರ್ಚು ಮತ್ತು ತೆರಿಗೆ ವಿವರಪಟ್ಟಿ.
5. ಒಡವೆಗಳ ಪಟ್ಟಿ, ರಸೀದಿ, ಮದುವೆಯ ಛಾಯಾಚಿತ್ರಗಳು.

ಕುಟುಂಬ ನ್ಯಾಯಾಲಯವಿರುವ ಕಡೆ ಪತಿಪತ್ನಿಯರ ಆಸ್ತಿ ವ್ಯಾಜ್ಯವೂ ಅಲ್ಲಿಯೇ ತೀರ್ಮಾನವಾಗುತ್ತದೆ. ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದಕ್ಕಾಗಿ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು.

ಪ್ರತಿ ವರ್ಷ ಲೆಕ್ಕ ಮುಕ್ತಾಯಗೊಳಿಸುವಾಗ ದಾಸ್ತಾನನ್ನು ಎಣಿಸುವ ವರ್ತಕನು ಅದೇ ದಿನ ಮನೆಯ ಆಸ್ತಿ, ಸಾಲ, ಜಾಮೀನುಗಳ ಪಟ್ಟಿಯನ್ನೂ ಪತ್ನಿಯೊಡನೆ ಕುಳಿತು ಬರೆದಿಟ್ಟರೆ ಅದು ಅಪನಂಬಿಕೆಯ ಕುರುಹಾಗುವುದಿಲ್ಲ. ಸಂಸಾರ ಚೆನ್ನಾಗಿರುವಾಗ ಆ ಪಟ್ಟಿ ಆಕಸ್ಮಿಕ ಮರಣದ ಸಂದರ್ಭದಲ್ಲಿ ಕುಟುಂಬಕ್ಕೆ ದಾರಿ ತೋರುತ್ತದೆ. ದುರದೃಷ್ಟವಶಾತ್ ದಾಂಪತ್ಯ ಮುರಿದರೆ, ಇಬ್ಬರ ಬದುಕನ್ನೂ ಅಂಗಡಿಯ ಬಾಗಿಲನ್ನೂ ಉಳಿಸುತ್ತದೆ.